ರಸ್ತೆಗೆ ಎರಡು

"ದಾರಿ ಬಿಡಿ! ರೀ... ನಿಮಗೇ ಹೇಳ್ತಿರೋದು, ದಾರಿ ಬಿಡಿ!"

ಆ ಮನುಷ್ಯ ತಿರುಗಿ ನೋಡಲಿಲ್ಲ. ಕಾಲುದಾರಿಯ ತಿರುವಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಬಿಗಿಯಾಗಿ ಎಳೆದ ಹಳದಿ ಟೇಪಿನ ಮೇಲೆ ಕಣ್ಣು ನೆಟ್ಟಿದ್ದ. ಟೇಪಿನ ಇನ್ನೊಂದು ತುದಿಯನ್ನು ಆಚೆ ಬದಿಯ ಮರದ ಬೇರಿಗೆ ಕಟ್ಟಿದ್ದ. ಮೊಣಕಾಲೆತ್ತರಕ್ಕೆ, ದಾರಿಗೆ ಅಡ್ಡ.

"ಒಂದ್ನಿಮಿಷ... ಅಳತೆ ಓದ್ಕೊಂಡು ಬಿಡ್ತೀನಿ," ಎಂದ.

ಒಂದು ನಿಮಿಷ!

ಕೂಗಿದ ಹುಡುಗಿಯ ಹಿಂದೆ ನಾಲ್ಕು ಜನ ಗಂಡಸರು ಹೆಗಲ ಮೇಲೆ ಗಳ ಹೊತ್ತು ನಿಂತಿದ್ದರು. ಎರಡು ಗಳಗಳ ನಡುವೆ ಮರದ ಕುರ್ಚಿ. ಕುರ್ಚಿಯಲ್ಲಿ ತುಂಬು ಬಸುರಿ ಅತ್ತಿಗೆ. ಹಿಂದಿನ ಸಂಜೆಯಿಂದ ನೋವು ತಿನ್ನುತ್ತಿದ್ದಳು. ಮಗು ಅಡ್ಡ ತಿರುಗಿದೆ ಎಂದು ಬೆಳಿಗ್ಗೆ ಹೊಟ್ಟೆ ಮುಟ್ಟಿ ನೋಡಿದಾಗಲೇ ಹುಡುಗಿಗೆ ಗೊತ್ತಾಗಿತ್ತು.

ಅವಳು ಕಂಕುಳಲ್ಲಿದ್ದ ಔಷಧಿ ಡಬ್ಬಿ ತೆರೆದಳು, ಕತ್ತರಿ ತೆಗೆದಳು.

ಕಚಕ್!

"ಏನ್ರೀ ಇದು! ಇದು ಸರ್ಕಾರದ..." ಎನ್ನುತ್ತಾ ಎದ್ದವನು ಕುರ್ಚಿಯನ್ನು ನೋಡಿದ. ಗೋಡೆಗೆ ಹಲ್ಲಿ ಅಂಟಿದ ಹಾಗೆ ಬಂಡೆಗೆ ಬೆನ್ನು ಒತ್ತಿ ದಾರಿ ಕೊಟ್ಟ.

ಮೂರನೆಯ ತಿರುವಿನಲ್ಲಿ ಹಿಂದಿನ ಎಡಗಡೆಯವನ ಪಾದ ಉಳುಕಿತು. ಕುರ್ಚಿ ವಾಲಿತು. ಅತ್ತಿಗೆ ಕಿರುಚಿದಳು. ಹುಡುಗಿ ಗಳಕ್ಕೆ ಹೆಗಲು ಕೊಡುವಷ್ಟರಲ್ಲಿ ಇನ್ನೊಂದು ಹೆಗಲು ಅಡ್ಡ ಬಂದಿತ್ತು. ಅದೇ ಮನುಷ್ಯ!

"ಹೊತ್ತು ಅಭ್ಯಾಸ ಇದೆಯಾ?"

"ಇಲ್ಲ."

"ಹಾಗಾದ್ರೆ ಮಾತಾಡ್ಬೇಡಿ. ಮುಂದಿನವರ ಹೆಜ್ಜೆ ನೋಡ್ಕೊಂಡು ನಡೀರಿ."

ಅವನು ನಡೆದ. ಜೀಪು ನಿಲ್ಲುವ ರಸ್ತೆ ಮುಟ್ಟಿದಾಗ ಅವನ ಅಂಗಿಯ ಎಡ ಹೆಗಲು ಹರಿದು ರಕ್ತ ಜಿನುಗುತ್ತಿತ್ತು. ಅವಳು ಗಡಿಯಾರ ನೋಡಿದಳು. ಊರು ಬಿಟ್ಟು ಐದು ಗಂಟೆ ಹತ್ತು ನಿಮಿಷವಾಗಿತ್ತು.

ಆಸ್ಪತ್ರೆಯಲ್ಲಿ ಅತ್ತಿಗೆ ಉಳಿದಳು. ಮಗು ಉಳಿಯಲಿಲ್ಲ. ಹೆಣ್ಣು ಮಗು.

"ಒಂದು ಗಂಟೆ ಮೊದಲು ಬಂದಿದ್ರೆ..." ಎಂದ ಡಾಕ್ಟರು ಮಾತು ಮುಗಿಸಲಿಲ್ಲ. ಕುರ್ಚಿಯ ಮುಂದಿನ ಗಳ ಹೊತ್ತಿದ್ದ ಅಣ್ಣ ಗೋಡೆಗೆ ಹಣೆ ಒತ್ತಿ ನಿಂತ. ಅವಳು ಬೆಂಚಿನ ಮೇಲೆ ಕೂತು ಡಬ್ಬಿಯ ಮುಚ್ಚಳವನ್ನು ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು...

*

ಊರಿನಲ್ಲಿ ಮೂವತ್ತನಾಲ್ಕು ಮನೆ. ಗಾಳಿಗೆ ಹಾರದಿರಲೆಂದು ತಗಡಿನ ಮಾಡಿನ ಮೇಲೆಲ್ಲ ಕಲ್ಲು. ಕೆಳಗಿನ ಹೊಲಗಳಲ್ಲಿ ಆಲೂಗಡ್ಡೆ, ಮೇಲಿನ ಹುಲ್ಲುಗಾವಲಲ್ಲಿ ಕುರಿ. ಕರೆಂಟು ಬಂದದ್ದು ಆರು ವರ್ಷದ ಹಿಂದೆ. ಫೋನಿನ ಸಿಗ್ನಲ್ ಇನ್ನೂ ಬಂದಿಲ್ಲ. ಆ ಊರಿನ ಆಸ್ಪತ್ರೆ ಎಂದರೆ ಅವಳ ಕೈಯಲ್ಲಿದ್ದ ತಗಡಿನ ಡಬ್ಬಿ. ಮೂರು ವಾರದ ತರಬೇತಿ, ತಿಂಗಳಿಗೊಮ್ಮೆ ಕೆಳಗಿನಿಂದ ತರುವ ಮಾತ್ರೆ, ಬಿ.ಪಿ. ನೋಡುವ ಯಂತ್ರ, ಕತ್ತರಿ, ಹತ್ತಿ. ಹೀಗಾಗಿ ಇಪ್ಪತ್ತಾರರ ಆ ಹುಡುಗಿಯನ್ನು ಇಡೀ ಊರು ಡಬ್ಬಿ ಎಂದೇ ಕರೆಯುತ್ತಿತ್ತು. ಹತ್ತನೇ ತರಗತಿ ಮುಗಿಸಿದವಳು ಊರಲ್ಲಿ ಅವಳೊಬ್ಬಳೇ. ಯಾರಿಗೆ ಕಾಗದ ಬಂದರೂ ಓದುವವಳು ಅವಳು, ಯಾವ ಅರ್ಜಿಯಾದರೂ ಬರೆಯುವವಳು ಅವಳು.

ಆಸ್ಪತ್ರೆಯಿಂದ ಮರಳಿ ಬಂದ ಆ ಮನುಷ್ಯನಿಗೆ ಹೆಸರಿಡಲು ಊರಿಗೆ ಒಂದೇ ದಿನ ಸಾಕಾಯಿತು. ಟೇಪು! ಅಳತೆ ಇಲಾಖೆಯವನು. ಊರಿಗೊಂದು ಆರೋಗ್ಯ ಕೇಂದ್ರ ಬೇಕೆಂದು ಮೂರು ವರ್ಷದ ಹಿಂದೆ ಕೊಟ್ಟ ಅರ್ಜಿ ತಿರಸ್ಕೃತವಾಗಿತ್ತು. ಊರವರು ಮತ್ತೆ ಮತ್ತೆ ದೂರು ಕೊಟ್ಟಿದ್ದರಿಂದ ದಾರಿ ಅಳೆದು ಬಾ ಎಂದು ಕಚೇರಿ ಅವನನ್ನು ಕಳಿಸಿತ್ತು.

"ಸಾರ್," ಎಂದಳು ಅವಳು, ಅವನು ಇಳಿದುಕೊಂಡಿದ್ದ ಅಂಗಡಿ ಮಾವನ ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು. "ನಿಮ್ಮ ಟೇಪು... ಅವತ್ತು..."

"ಹದಿನೇಳು ಮೀಟರ್ ಉಳಿದಿದೆ. ಹದಿಮೂರು ಹೋಯ್ತು." ಅವನು ಪಟ್ಟಿಯನ್ನು ಸುತ್ತುತ್ತಿದ್ದ. "ಇನ್ನೊಂದು ಬರೋಕೆ ತಿಂಗಳಾಗುತ್ತೆ. ಇದರಲ್ಲೇ ಅಳೀಬೇಕು. ಆದ್ರೆ ಇನ್ನೊಂದು ತುದಿ ಹಿಡಿಯೋರು ಬೇಕು."

"ಹಿಡಿಯೋಳು ಬಂದಾಯ್ತಲ್ಲ!" ಎಂದ ಅಂಗಡಿ ಮಾವ ತಕ್ಕಡಿ ಒರೆಸುತ್ತಾ. "ಕತ್ತರಿಸಿದೋಳೇ ಹಿಡೀಲಿ. ಸಾರ್, ಕತ್ತರಿ ಮಾತ್ರ ಇಲ್ಲಿ ಇಟ್ಟು ಹೋಗೋಕೆ ಹೇಳಿ."

ಅಂಗಡಿ ಮಾವ ಅವಳ ತಾಯಿಯ ತಮ್ಮ. ಊರಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲು ನಗಿಸುವವನು ಅವನೇ. ಅವಳು ನಾಲ್ಕು ದಿನದಲ್ಲಿ ಮೊದಲ ಬಾರಿ ನಕ್ಕಳು. ನಕ್ಕಿದ್ದಕ್ಕೆ ಕೂಡಲೇ ತಪ್ಪಿತಸ್ಥಳಂತೆ ತಲೆ ತಗ್ಗಿಸಿದಳು.

ಎಂಟು ದಿನ ಅಳೆದರು. ಅವನು ಮುಂದೆ, ಅವಳು ಹಿಂದೆ. ನಡುವೆ ಹದಿನೇಳು ಮೀಟರ್.

"ಹಿಡ್ಕೊಂಡಿದೀರಾ?"

"ಹಿಡ್ಕೊಂಡಿದೀನಿ."

"ಬಿಗಿಯಾಗಿ?"

"ಇನ್ನೂ ಬಿಗಿ ಹಿಡಿದ್ರೆ ನೀವೇ ಇತ್ತ ಬರ್ತೀರಿ!"

ತಿರುವಿನ ಆಚೆಯಿಂದ ಅವನ ನಗು ಕೇಳಿಸುತ್ತಿತ್ತು. ಮುಖ ಕಾಣುತ್ತಿರಲಿಲ್ಲ. ಕಾಣದ ಮುಖದ ನಗುವಿಗೆ ತನ್ನ ಎದೆ ಯಾಕೆ ಹೀಗೆ ಹೊಡೆದುಕೊಳ್ಳುತ್ತದೆ ಎಂದು ಅವಳಿಗೆ ತಿಳಿಯಲಿಲ್ಲ. ಮನೆಯಲ್ಲಿ ಸೂತಕದಂಥ ಮೌನ... ನನಗಿಲ್ಲಿ ನಗು! ನಾನೆಂಥವಳು?

ಅವನಿಗೆ ಮೂವತ್ತು. ಮನೆಯಲ್ಲಿ ತಾಯಿ ಒಬ್ಬರೇ. ಮದುವೆಯಾಗಿಲ್ಲ. ಇದಿಷ್ಟನ್ನೂ ಅಂಗಡಿ ಮಾವ ಮೊದಲ ದಿನವೇ ಕೇಳಿ ತಿಳಿದು, ಬೇಡವೆಂದರೂ ಅವಳಿಗೆ ತಲುಪಿಸಿದ್ದ.

ಆರನೆಯ ದಿನ ಇಬ್ಬರೂ ಬಂಡೆಯ ನೆರಳಲ್ಲಿ ಕೂತು ನೀರು ಕುಡಿಯುತ್ತಿದ್ದರು.

"ನಿಮ್ಮೂರಲ್ಲಿ ದೂರ ಹೇಗೆ ಹೇಳ್ತೀರಿ?" ಎಂದು ಕೇಳಿದ. "ಈಗ ನಾನು ಹೊಸಬ. ರಸ್ತೆಗೆ ಎಷ್ಟು ಅಂತ ಕೇಳಿದ್ರೆ?"

"ಎರಡು."

"ಎರಡು... ಏನು?"

"ಎರಡು ಅಂದ್ರೆ ಎರಡು! ಅದಕ್ಕೇನು ಬಾಲ ಇರುತ್ತಾ?" ಅವಳು ನಕ್ಕಳು. "ಬರಿಗೈಲಿ ಇಳಿದ್ರೆ ಎರಡು ಗಂಟೆ. ಏರೋಕೆ ಮೂರೂವರೆ. ಕುರ್ಚಿ ಇದ್ರೆ ಐದು. ಎಷ್ಟು ಅಂದ್ರೆ ಇಳಿಯೋದನ್ನೇ ಹೇಳೋದು. ಕಿಲೋಮೀಟರು ಅಳೆದವರು ಯಾರಿದಾರೆ ಇಲ್ಲಿ? ನೀವೇ ಮೊದಲು."

ಅವನು ನೀರಿನ ಬಾಟಲಿ ಕೆಳಗಿಟ್ಟ.

ಹತ್ತಿರದ ಹೊಲದ ಅಜ್ಜಿ ಕೆಮ್ಮುತ್ತಾ ಬಂದಳು. ಹುಡುಗಿ ಡಬ್ಬಿ ತೆರೆದು ಮಾತ್ರೆ ಎಣಿಸಿ, ಪೊಟ್ಟಣದ ಮೇಲೆ ಬರೆದಳು. ಬೆಳಿಗ್ಗೆ 1. ಮಲಗುವಾಗ 2. ಅವಳ 2ರ ಬಾಲ ಕೆಳಗೆ ನಿಲ್ಲದೆ ಮೇಲಕ್ಕೆ ಸುರುಳಿ ಸುತ್ತುತ್ತಿತ್ತು.

ಆ 2 ಅನ್ನು ಅವನು ನೋಡಿದ್ದ. ಅವನ ಚೀಲದಲ್ಲಿದ್ದ ಕಡತದಲ್ಲಿ, ಮೂರು ವರ್ಷದ ಹಿಂದಿನ ಅರ್ಜಿಯ ಪ್ರತಿಯಲ್ಲಿ. 'ಮುಖ್ಯ ರಸ್ತೆಗೆ ದೂರ (ಕಿ.ಮೀ.)' ಎಂಬ ಸಾಲಿನ ಮುಂದೆ, ಅದೇ ಸುರುಳಿ ಬಾಲದ 2.

ರಸ್ತೆಯಿಂದ ಐದು ಕಿಲೋಮೀಟರಿಗಿಂತ ದೂರವಿರುವ ಊರಿಗೆ ಮಾತ್ರ ಆರೋಗ್ಯ ಕೇಂದ್ರ. ಅದು ನಿಯಮ. ಆ ಒಂದು ಅಂಕಿಯಿಂದಲೇ ಅರ್ಜಿ ಬಿದ್ದುಹೋಗಿತ್ತು. ಆರೋಗ್ಯ ಕೇಂದ್ರ ಇದ್ದಿದ್ದರೆ ಒಬ್ಬ ನರ್ಸ್ ಇರುತ್ತಿದ್ದಳು. ಮಗು ಅಡ್ಡ ತಿರುಗಿದ್ದು ವಾರದ ಮೊದಲೇ ತಿಳಿಯುತ್ತಿತ್ತು...

ಅವನು ಅವಳ ಮುಖ ನೋಡಿದ. ಅಜ್ಜಿಗೆ ಮಾತ್ರೆಯ ಲೆಕ್ಕವನ್ನು ಮೂರನೆಯ ಬಾರಿ ಹೇಳಿಕೊಡುತ್ತಿದ್ದ ಮುಖ.

ಅಂದಿನಿಂದ ಅವನು ನಗುವುದನ್ನು ಬಿಟ್ಟ. ತಿರುವಿನಾಚೆಯಿಂದ ಬರುತ್ತಿದ್ದದ್ದು ಅಂಕಿ ಮಾತ್ರ. ನಾನೇನು ತಪ್ಪು ಮಾಡಿದೆ? ಅವಳು ತನ್ನನ್ನೇ ಕೇಳಿಕೊಂಡಳು.

*

ಅಳತೆ ಮುಗಿದ ಮರುದಿನ ಅತ್ತಿಗೆಯನ್ನು ಅದೇ ಕುರ್ಚಿಯಲ್ಲಿ ಮೇಲಕ್ಕೆ ತಂದರು. ಮನೆಗೆ ಬಂದವಳು ಒಂದೇ ಮಾತು ಕೇಳಿದಳು.

"ಹಾಲು ಇನ್ನೂ ನಿಂತಿಲ್ಲ ಕಣೇ... ಏನು ಮಾಡ್ಲಿ?"

ಡಬ್ಬಿಯಲ್ಲಿ ಅದಕ್ಕೆ ಔಷಧಿ ಇರಲಿಲ್ಲ. ಅವಳು ಹಳೆಯ ಸೀರೆ ಹರಿದು ಅತ್ತಿಗೆಯ ಎದೆಗೆ ಬಿಗಿದು ಕಟ್ಟಿದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಸಂಜೆ ಅಂಗಡಿಯ ಮುಂದೆ ಊರು ಸೇರಿತು. ಟೇಪು ಎದ್ದು ನಿಂತು ಹೇಳಿದ.

"ಐನೂರ ಅರವತ್ತೇಳು ಸಲ ಹದಿನೇಳು ಮೀಟರ್, ಮೇಲೆ ಒಂದು ಮೀಟರ್. ಒಟ್ಟು ಒಂಬತ್ತು ಕಿಲೋಮೀಟರು ಆರುನೂರ ನಲವತ್ತು ಮೀಟರ್. ನಿಮಗೆ ಕೇಂದ್ರ ಸಿಗಬೇಕು."

"ಮತ್ತೆ ಅವತ್ತು ಯಾಕೆ ಸಿಗ್ಲಿಲ್ಲ?" ಅಣ್ಣ ಕೇಳಿದ. ಮಗು ಹೋದ ಮೇಲೆ ಅವನು ಊರ ಮುಂದೆ ಆಡಿದ ಮೊದಲ ಮಾತು ಅದು.

"ಕಾಗದದಲ್ಲಿ ಎರಡು ಕಿಲೋಮೀಟರು ಅಂತ ಇತ್ತು."

"ಯಾರು ಬರೆದದ್ದು?"

ಟೇಪು ತಲೆಯೆತ್ತಿದ. ಅವಳು ಕಂಬಕ್ಕೊರಗಿ ಅವನನ್ನೇ ನೋಡುತ್ತಿದ್ದಳು.

"ನಾನು," ಎಂದ. "ಆಗ ಕಚೇರಿಯಲ್ಲಿ ಕೂತು ನಕ್ಷೆ ನೋಡಿ ಬರೆದೆ. ನಕ್ಷೆಯಲ್ಲಿ ರಸ್ತೆ ಹತ್ತಿರ ಕಾಣುತ್ತೆ. ಬಂದು ನೋಡಲಿಲ್ಲ. ತಪ್ಪು ನನ್ನದು. ವರದಿಯಲ್ಲೂ ಹಾಗೇ ಬರೀತೀನಿ."

ಅಣ್ಣ ಎದ್ದದ್ದು ಯಾರಿಗೂ ಕಾಣಲಿಲ್ಲ. ಕಂಡದ್ದು ಅವನ ಮುಷ್ಟಿಯಲ್ಲಿ ಸಿಕ್ಕ ಕಾಲರ್.

"ನಕ್ಷೆ ನೋಡಿ...! ನನ್ನ ಮಗು ಕಣೋ ಅದು! ನಿನ್ನ ನಕ್ಷೆಯಲ್ಲಿ ಅದಕ್ಕೆ ಜಾಗ ಇರ್ಲಿಲ್ವಾ?"

ಅಂಗಡಿ ಮಾವ ನಡುವೆ ಬಿದ್ದು ಬಿಡಿಸಿದ. ಆ ದಿನ ಅವನೂ ಯಾರನ್ನೂ ನಗಿಸಲಿಲ್ಲ.

ಅವಳು ಕಂಬ ಬಿಟ್ಟು ನೆಟ್ಟಗೆ ನಿಂತಳು. ಇವನೇ! ಎಂಟು ದಿನ ನನ್ನೊಂದಿಗೆ ಟೇಪು ಹಿಡಿದವನು... ಅತ್ತಿಗೆಯ ಕುರ್ಚಿ ಹೊತ್ತವನು... ಎಲ್ಲ ಗೊತ್ತಿದ್ದೂ ನಗುತ್ತಿದ್ದನಾ?

ಅವಳು ಮುಂದೆ ಬಂದಳು.

"ನಿಮ್ಮ ಮುಖ ನಮ್ಮೂರಲ್ಲಿ ಇನ್ನೊಂದು ಸಲ ಕಾಣಿಸ್ಬಾರ್ದು."

ಅವನು ತಲೆಯಾಡಿಸಿದ. ಬೆಳಕಿರುವಾಗಲೇ ಚೀಲ ಹೆಗಲಿಗೇರಿಸಿ ಇಳಿದು ಹೋದ. ಎಡ ಹೆಗಲಿನ ಗಾಯ ಇನ್ನೂ ಮಾಗಿರಲಿಲ್ಲ. ಚೀಲವನ್ನು ಬಲ ಹೆಗಲಿಗೆ ಬದಲಿಸಿಕೊಂಡದ್ದನ್ನು ಅವಳು ನೋಡಿದಳು. ನೋಡಬಾರದೆಂದುಕೊಂಡರೂ ನೋಡಿದಳು.

*

ಹತ್ತೊಂಬತ್ತು ದಿನಗಳ ನಂತರ ಉಪ್ಪು, ಎಣ್ಣೆ ಹೊತ್ತು ಬಂದ ಅಂಗಡಿ ಮಾವ ಒಂದು ದಪ್ಪ ಲಕೋಟೆಯನ್ನೂ ತಂದ.

"ಸರ್ಕಾರದ್ದು. ಓದಮ್ಮಾ ಡಬ್ಬಿ. ಜೋರಾಗಿ ಓದು, ನನಗೆ ಎಡಗಿವಿ ಮಂದ."

ಏಳೆಂಟು ಜನ ಸುತ್ತ ಕೂತರು. ಅಣ್ಣ ಬಾಗಿಲ ಬಳಿ, ಅತ್ತಿಗೆ ಗೋಡೆಗೊರಗಿ.

ಅವಳು ಓದಿದಳು. "ಸದರಿ ನೌಕರನು ಮೂರು ವರ್ಷಗಳ ಹಿಂದೆ ತಪ್ಪು ಅಂತರವನ್ನು ನಮೂದಿಸಿರುವುದಾಗಿ ತಾನೇ ಒಪ್ಪಿಕೊಂಡಿರುವುದರಿಂದ, ಆತನನ್ನು ಸೇವೆಯಿಂದ ಅಮಾನತಿನಲ್ಲಿಟ್ಟು ವಿಚಾರಣೆ ನಡೆಸಲಾಗುತ್ತಿದೆ. ಗ್ರಾಮಸ್ಥರು ಹೇಳಿಕೆ ನೀಡಬಹುದು. ಮೂಲ ಅರ್ಜಿಯ ಪ್ರತಿಯನ್ನು ಲಗತ್ತಿಸಿದೆ..."

"ಆಗ್ಲಿ!" ಎಂದ ಅಣ್ಣ.

ಅವಳು ಹಾಳೆ ತಿರುಗಿಸಿದಳು.

ಅರ್ಜಿಯ ಪ್ರತಿ. ನೀಲಿ ಶಾಯಿ ನಕಲಿನಲ್ಲಿ ಕಪ್ಪಾಗಿತ್ತು. ಮನೆಗಳ ಸಂಖ್ಯೆ 34. ಶಾಲೆ ಇದೆ. ನೀರು ಇದೆ. ಮುಖ್ಯ ರಸ್ತೆಗೆ ದೂರ...

ಸುರುಳಿ ಬಾಲದ 2.

ಅವಳ ಕಿವಿಯಲ್ಲಿ ಗಾಳಿ ನುಗ್ಗಿದಂತಾಯಿತು. ಇಲ್ಲ... ಇದು... ಇದು ನನ್ನ ಕೈ!

"ಮುಂದೆ ಓದೇ. ಯಾಕೆ ನಿಂತೆ?"

ಅಲ್ಲಿ ಕೂತವರಲ್ಲಿ ಇನ್ನಾರಿಗೂ ಆ ಹಾಳೆ ಓದಲು ಬಾರದು. ಹಾಳೆಯನ್ನು ಮಡಿಸಿಬಿಟ್ಟರೆ ಆಯಿತು. ಅಣ್ಣನ ತಂಗಿಯಾಗಿ, ಅತ್ತಿಗೆಯ ನಾದಿನಿಯಾಗಿ, ಊರಿನ ಡಬ್ಬಿಯಾಗಿ ನಾಳೆಯೂ ಇರಬಹುದು. ಎಲ್ಲವನ್ನೂ ಆ ಮನುಷ್ಯ ಹೊತ್ತುಕೊಂಡಾಗಿದೆ. ಕುರ್ಚಿ ಹೊತ್ತ ಹಾಗೆ, ಅಭ್ಯಾಸವಿಲ್ಲದ ಹೆಗಲಲ್ಲಿ...

"ಇದು ಅವರು ಬರೆದದ್ದಲ್ಲ," ಎಂದಳು. "ನಾನು ಬರೆದದ್ದು. ನನ್ನ ಅಕ್ಷರ. ಗಂಟೆ ಅಂದ್ಕೊಂಡು ಎರಡು ಬರೆದೆ. ಅವರು ಕಿಲೋಮೀಟರು ಕೇಳಿದ್ರು. ನಾನು ನೋಡ್ಲಿಲ್ಲ ಅಣ್ಣಾ... ನಾನೇ."

ಅಣ್ಣ ಅವಳನ್ನು ನೋಡಿದ. ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಹೋದ.

ಅವಳು ಅಲ್ಲೇ ಕುಸಿದಳು. ಪಕ್ಕದಲ್ಲಿ ಯಾರೋ ಬಂದು ಕೂತ ಸದ್ದು. ಅತ್ತಿಗೆ.

"ಅತ್ತಿಗೇ, ನನ್ನನ್ನ ಮುಟ್ಬೇಡಿ..."

"ಸುಮ್ನಿರು. ಅವತ್ತು ನಮ್ಮ ಒಲೆ ಮುಂದೆ ಕೂತು ಬರೀತಿದ್ದೆ. ನೆನಪಿದೆಯಾ? ನಾನು ಹೊಸದಾಗಿ ಮದುವೆಯಾಗಿ ಬಂದಿದ್ದೆ. ನನಗೆ ಊರಿನ ಲೆಕ್ಕ ಬಂತಾ ನೋಡೋಣ ಅಂತ ನೀನು 'ಅತ್ತಿಗೆ, ರಸ್ತೆಗೆ ಎಷ್ಟು?' ಅಂದೆ." ಅತ್ತಿಗೆಯ ಧ್ವನಿ ಒಣಗಿತ್ತು. "ಎರಡು ಅಂದೋಳು ನಾನು. ಆ ಟೇಪಿನವರು ಎರಡು ಕಿಲೋಮೀಟರು ಅಂದ್ರಲ್ಲ... ಆ ಸಂಜೆಯಿಂದ ಯೋಚಿಸ್ತಿದೀನಿ. ನಿನಗೆ ಹೇಳೋಕೆ ಧೈರ್ಯ ಬರ್ಲಿಲ್ಲ."

ಇಬ್ಬರೂ ಅಪ್ಪಿಕೊಂಡು ಅತ್ತರು. ಮಗು ಸತ್ತ ಮೇಲೆ ಒಟ್ಟಿಗೆ ಅತ್ತದ್ದು ಅದೇ ಮೊದಲು.

"ನಾಳೆ ಹೋಗು," ಎಂದಳು ಅತ್ತಿಗೆ, ಕಣ್ಣೊರೆಸಿಕೊಂಡು. "ಆ ಮನುಷ್ಯ ನಮ್ಮ ಮನೆಯವನಲ್ಲ. ನಮ್ಮ ತಪ್ಪಿಗೆ ಅವನ್ಯಾಕೆ ಅನ್ನ ಕಳ್ಕೋಬೇಕು?"

*

ಕಚೇರಿಯ ಮೇಡಂ ಕನ್ನಡಕದ ಮೇಲಿಂದ ಅವಳನ್ನು ನೋಡಿದರು. ಅರ್ಜಿಯನ್ನು ನೋಡಿದರು. ಒಂದು ಬಿಳಿ ಹಾಳೆ ಕೊಟ್ಟು ಒಂದರಿಂದ ಹತ್ತರವರೆಗೆ ಬರೆಸಿದರು.

"ಸರಿ. ಇದು ನಿಮ್ಮದೇ." ಅವರು ಕುರ್ಚಿಗೊರಗಿದರು. "ನೋಡಿ, ಸ್ಪಷ್ಟವಾಗಿ ಹೇಳ್ತೀನಿ. ನಿಮ್ಮ ಹೇಳಿಕೆಯಿಂದ ಅವರ ಅಮಾನತು ರದ್ದಾಗುತ್ತೆ. ಆದ್ರೆ ಅಧಿಕೃತ ವರದಿಯಲ್ಲಿ ಸುಳ್ಳು ಬರೆದಿದಾರೆ. ಅದಕ್ಕೆ ಎಚ್ಚರಿಕೆ ಪತ್ರ ಬರುತ್ತೆ, ಒಂದು ಬಡ್ತಿ ಹೋಗುತ್ತೆ."

"ನಮ್ಮೂರಿನ ಕೇಂದ್ರ...?"

"ಅಳತೆ ಸರಿಯಾಗಿದೆ. ಎರಡು ತಿಂಗಳ ನಂತರ ಸಭೆ. ನಾನು ಶಿಫಾರಸು ಮಾಡ್ತೀನಿ. ಆಗುತ್ತೆ ಅಂತ ಮಾತು ಕೊಡಲ್ಲ."

ಅವಳು ಸಹಿ ಹಾಕಿ ಹೊರಗೆ ಬಂದಳು.

ಕಾರಿಡಾರಿನ ಕೊನೆಯಲ್ಲಿ, ಹಳೆಯ ಕಡತಗಳ ಕಪಾಟಿನ ಪಕ್ಕದ ಬೆಂಚಿನಲ್ಲಿ ಅವನು ಕೂತಿದ್ದ. ದಿನವೂ ಬಂದು ಸಹಿ ಹಾಕಿ ಹೋಗಬೇಕೆಂಬುದು ಅಮಾನತಿನ ನಿಯಮ. ಅವಳನ್ನು ಕಂಡು ಎದ್ದು ನಿಂತ.

"ಹೇಳಿಬಿಟ್ರಾ?" ಎಂದ ಮೆಲ್ಲಗೆ.

"ಹೇಳ್ದೆ." ಅವಳ ಕಣ್ಣು ಕೆಂಪಾಯಿತು. "ನಿಮಗೆ ಯಾರು ಅಧಿಕಾರ ಕೊಟ್ರು? ನನ್ನ ತಪ್ಪನ್ನ ನನ್ನನ್ನ ಕೇಳದೆ ತಗೊಂಡು ಹೋಗೋಕೆ? ಊರ ಮುಂದೆ ನಿಮ್ಮನ್ನ ನಾಯಿ ಓಡಿಸಿದ ಹಾಗೆ ಓಡಿಸ್ದೆ... ಅದನ್ನ ಈಗ ಎಲ್ಲಿ ಇಟ್ಕೊಳ್ಲಿ ನಾನು?"

"ಆಸ್ಪತ್ರೆಯಿಂದ ಬಂದ ದಿನ ನೀವು ಹಳ್ಳದಲ್ಲಿ ಆ ಕುರ್ಚಿ ತೊಳೀತಿದ್ರಿ," ಎಂದ ಅವನು. "ರಕ್ತ ಹೋದ ಮೇಲೂ ತೊಳೀತಾನೇ ಇದ್ರಿ. ಆಮೇಲೆ ಆ ಕಾಗದ ನಿಮ್ಮದು ಅಂತ ಗೊತ್ತಾದಾಗ... ಇದನ್ನೂ ಇವಳಿಗೆ ಹೇಳಿದ್ರೆ ಇವಳು ಬದುಕೋದು ಹೇಗೆ ಅನ್ನಿಸ್ತು. ಯೋಚನೆ ಮಾಡ್ಲಿಲ್ಲ. ಬಾಯಿಗೆ ಬಂದದ್ದು ಹೇಳ್ಬಿಟ್ಟೆ."

"ಮೂರ್ಖರು ನೀವು."

"ಹೌದು."

"ನಮ್ಮಣ್ಣ ಏನಾದ್ರೂ ಹೊಡೆದುಬಿಟ್ಟಿದ್ರೆ?"

"ಹೊಡೆಸ್ಕೋತಿದ್ದೆ."

ಅವಳು ಬೆಂಚಿನ ಆ ತುದಿಯಲ್ಲಿ ಕೂತಳು. ಅವನು ಈ ತುದಿಯಲ್ಲಿ.

"ಅಣ್ಣ ನಿನ್ನೆಯಿಂದ ನನ್ನ ಜೊತೆ ಮಾತಾಡಿಲ್ಲ," ಎಂದಳು. "ಆದ್ರೆ ಬೆಳಿಗ್ಗೆ ನಾನು ಇಳಿಯುವಾಗ ನೂರು ಹೆಜ್ಜೆ ಹಿಂದೆ ಬರ್ತಿದ್ದ. ಈಗಲೂ ಗೇಟಿನ ಹೊರಗೆ ನಿಂತಿದಾನೆ. ಒಳಗೆ ಬರಲ್ಲ, ವಾಪಸ್ಸೂ ಹೋಗಲ್ಲ."

"ನಾನು ಹೋಗಿ ಮಾತಾಡ್ಲಾ?"

"ಮಾತಾಡೋದು ಇದೆ. ಅದಕ್ಕೆ ಮೊದಲು ನನ್ನ ಹತ್ರ ಮಾತಾಡಿ." ಅವಳು ಅವನತ್ತ ತಿರುಗಿದಳು. "ನನ್ನ ಒಳ್ಳೇದಕ್ಕೆ ಅಂತಾನೂ ನನಗೆ ಇನ್ಮೇಲೆ ಸುಳ್ಳು ಹೇಳ್ಬಾರ್ದು."

"ಹೇಳಲ್ಲ."

"ಹಾಗಾದ್ರೆ ಒಂದು ಕೇಳ್ತೀನಿ... ನಿಜ ಹೇಳಿ. ನನ್ನ ಮುಖ ನೋಡಿದ್ರೆ ಆ ಮಗು ನೆನಪಾಗುತ್ತಾ?"

ಇಲ್ಲ ಎನ್ನುವುದು ಎಷ್ಟು ಸುಲಭವಿತ್ತು!

"ಆಗುತ್ತೆ," ಎಂದ.

ಅವಳ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ.

"ನನಗೂ... ನಿಮ್ಮನ್ನ ನೋಡಿದ್ರೆ."

"ಗೊತ್ತು."

"ಆದ್ರೂ?"

ಅವನು ಬೆಂಚಿನ ಈ ತುದಿಯಿಂದ ಆ ತುದಿಗೆ ಸರಿದು ಕೂತ. ಅವಳ ಅಂಗೈಯನ್ನು ತನ್ನ ಎರಡೂ ಕೈಗಳಲ್ಲಿ ಇಟ್ಟುಕೊಂಡ.

"ಆದ್ರೂ," ಎಂದ.